ಹೊಟ್ಟೆ ತುಂಬೈತೆ, ಮೂಳೆ ಹಸಿದೈತೆ

ನಮ್ಮ ಕಡೆ ಮೈ ತುಂಬಿಕೊಂಡ ಮಗುವನ್ನು ಕಂಡರೆ ಜನ ಖುಷಿಪಡುತ್ತಾರೆ. 'ಗುಂಡ್‌ಗುಂಡಗವ್ನೆ, ಚೆನ್ನಾಗ್ ಉಂಡವ್ನೆ' ಅನ್ನುತ್ತಾರೆ. ತಲೆತಲಾಂತರದಿಂದ ಎಲುಬಿನ ಹಂದರದಂಥ ಮಕ್ಕಳನ್ನೇ ಎತ್ತಿ ಆಡಿಸಿದ ಜನಕ್ಕೆ ಹಾಗೆ ಅನ್ನಿಸುವುದು ಸಹಜ. ನಮಗೆ ಗೊತ್ತಿದ್ದ ಹಸಿವಿಗೆ ಒಂದು ರೂಪವಿತ್ತು. ಗುಳಿಬಿದ್ದ ಕೆನ್ನೆ, ಕಡ್ಡಿಯಂಥ ಕೈಕಾಲು, ಬೆನ್ನಿಗಂಟಿದ ಹೊಟ್ಟೆ. ಉಳ್ಳವನಿಗೂ ಒಂದು ರೂಪವಿತ್ತು. ಬೀದಿನಾಟಕದಲ್ಲಿ ದಣಿಯ ಪಾತ್ರ ಮಾಡುವವನ ಅಂಗಿಯೊಳಗೆ ಒಂದು ದಿಂಬು ಕಟ್ಟಿ ಕಳಿಸಿದರೆ ಸಾಕು, ಅವನು ಬಾಯಿ ಬಿಡುವ ಮೊದಲೇ ಜನಕ್ಕೆ ಗೊತ್ತಾಗುತ್ತಿತ್ತು: ಇವನು ಉಂಡವನು, ಎದುರಿಗೆ ನಿಂತವನು ಉಣ್ಣದವನು.

ಈ ಲೆಕ್ಕ ಇವತ್ತು ನಡೆಯುವುದಿಲ್ಲ. ನಮ್ಮ ಕೇರಿಯ ಮಕ್ಕಳಲ್ಲಿ ಕೆಲವರಿಗೆ ದಿಂಬು ಕಟ್ಟಿದ ಹೊಟ್ಟೆಯೇ ಬಂದಿದೆ. ಆದರೆ ಅವರು ಉಂಡವರಲ್ಲ. ಎತ್ತರಕ್ಕೆ ಬೆಳೆಯದೆ ಕುಳ್ಳಗೆ ಉಳಿದ, ಅದೇ ಹೊತ್ತಿಗೆ ಬೊಜ್ಜು ಬಂದ ಈ ಮಕ್ಕಳ ಬಗ್ಗೆ ನಾವು ಇಲ್ಲಿ ಬರೆಯುತ್ತಿದ್ದೇವೆ. ಒಂದು ಮಗು ಗಿಡ್ಡ, ಇನ್ನೊಂದು ಮಗು ಡುಮ್ಮ ಅಂತ ಅಲ್ಲ. ಎರಡೂ ಒಂದೇ ಮಗು.

ನಾವು ಅಂದರೆ ಕೇರಿಯಿಂದ ಬಂದು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಉಂಡು ಓದಿ, ಈಗ ಮೈಸೂರು ಸೀಮೆಯ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರುಗಳಾಗಿರುವವರು. ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ತೂಕದ ಯಂತ್ರದ ಮೇಲೆ ಹತ್ತಿಸಿ, ರಿಜಿಸ್ಟರಿನಲ್ಲಿ ಬರೆಯುವುದು ನಮ್ಮ ಕೆಲಸಗಳಲ್ಲಿ ಒಂದು. ಬರೆದದ್ದನ್ನು ಯಾರೂ ಓದುವುದಿಲ್ಲ. ಮೇಲಿನವರು ಕೇಳುವುದು ಎಷ್ಟು ಮಕ್ಕಳದ್ದು ಆಯಿತು ಅನ್ನುವ ಲೆಕ್ಕ ಮಾತ್ರ. ಆದ್ದರಿಂದ ನಾವೇ ಕೂತು ಓದಿದೆವು.

ಒಂದು ಲೆಕ್ಕ ಕೊಡುತ್ತೇವೆ. ಮೇಷ್ಟ್ರುಗಳು ಇದನ್ನು ಬೋರ್ಡಿನ ಮೇಲೆ ಮಾಡಿ ನೋಡಬಹುದು. ಹತ್ತು ವರ್ಷ ತುಂಬಿದ ಹುಡುಗ. ತೂಕ 33 ಕೆಜಿ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಅಳತೆಯ ಪ್ರಕಾರ ಆ ವಯಸ್ಸಿನ ಹುಡುಗನ ನಡುಮಟ್ಟದ ತೂಕ ಸುಮಾರು 31 ಕೆಜಿ. ಹಾಗಾದರೆ ಈ ಹುಡುಗನಿಗೆ ಏನೂ ಕೊರತೆಯಿಲ್ಲ. ತೂಕ ಮಾತ್ರ ನೋಡುವ ಮೇಷ್ಟ್ರು 'ಆರೋಗ್ಯವಾಗಿದ್ದಾನೆ' ಅಂತ ಬರೆದು ಮುಂದಿನವನನ್ನು ಕರೆಯುತ್ತಾನೆ. ಈಗ ಎತ್ತರ ನೋಡಿ. 123 ಸೆಂಟಿಮೀಟರ್. ಅದೇ ವಯಸ್ಸಿಗೆ ನಡುಮಟ್ಟದ ಎತ್ತರ ಸುಮಾರು 138, ಕೆಳಗಿನ ಗೆರೆ 125. ಗೆರೆಗಿಂತ ಕೆಳಗಿದ್ದಾನೆ ಅಂದರೆ ಬೆಳವಣಿಗೆ ಕುಂಠಿತವಾಗಿದೆ. ಇನ್ನು ತೂಕವನ್ನು ಮೀಟರಿನಲ್ಲಿ ಹೇಳಿದ ಎತ್ತರದಿಂದ ಎರಡು ಸಲ ಭಾಗಿಸಿ. 21.8 ಬರುತ್ತದೆ. ಹತ್ತು ವರ್ಷದ ಹುಡುಗನಿಗೆ 18.5 ದಾಟಿದರೆ ಅತಿತೂಕ, 21.4 ದಾಟಿದರೆ ಬೊಜ್ಜು. ಈ ಹುಡುಗನಿಗೆ ಬೊಜ್ಜು.

ಗೆಳೆಯರೇ, ಇಲ್ಲಿ ನಡೆದದ್ದನ್ನು ಗಮನಿಸಿ. ಎತ್ತರದಲ್ಲಿ ಬಿದ್ದ ಖೋತಾವನ್ನು ಕೊಬ್ಬು ತುಂಬಿಕೊಟ್ಟಿದೆ. ಎರಡು ಕೇಡು ಸೇರಿ ತಕ್ಕಡಿಯಲ್ಲಿ ಸರಿಸಮ ಕಾಣುತ್ತಿವೆ. ತಕ್ಕಡಿಗೆ ಮೂಳೆಯ ತೂಕ, ಮಾಂಸದ ತೂಕ, ಕೊಬ್ಬಿನ ತೂಕ ಎಲ್ಲಾ ಒಂದೇ. ಆದ್ದರಿಂದ ಈ ಮಗು ಸರ್ಕಾರದ ಯಾವ ಪಟ್ಟಿಯಲ್ಲೂ ಇಲ್ಲ. ಅಪೌಷ್ಟಿಕ ಮಕ್ಕಳ ಪಟ್ಟಿಯಲ್ಲಿ ಬರೆಯೋಣವೆಂದರೆ ದಪ್ಪಗಿದ್ದಾನೆ. ಬೊಜ್ಜಿನ ಪಟ್ಟಿಯೋ, ಅದು ಪಟ್ಟಣದ ಕಾನ್ವೆಂಟ್ ಮಕ್ಕಳದ್ದು ಅಂತ ಎಲ್ಲರ ನಂಬಿಕೆ.

ಇಂಥ ಮಕ್ಕಳು ಹಿಂಡು ಹಿಂಡಾಗಿದ್ದಾರೆ ಅಂತ ನಾವು ಹೇಳುತ್ತಿಲ್ಲ. ಶಾಲೆಗೆ ಒಬ್ಬರೋ ಇಬ್ಬರೋ ಸಿಗುತ್ತಾರೆ. ಆದರೆ ಅವರನ್ನು ಹುಟ್ಟಿಸುವ ನೆಲ ಹದವಾಗಿದೆ. 2016-18ರಲ್ಲಿ ಕೇಂದ್ರ ಸರ್ಕಾರವೇ ನಡೆಸಿದ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 22 ಮಂದಿ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ನೂರಕ್ಕೆ 4 ಮಂದಿಗೆ ಅತಿತೂಕ. ಅದೇ ಸಮೀಕ್ಷೆಯಲ್ಲಿ ಶಾಲೆ ವಯಸ್ಸಿನ ಹತ್ತು ಮಕ್ಕಳಲ್ಲಿ ಒಬ್ಬರ ರಕ್ತ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿತ್ತು. ಹೊರಗಿನಿಂದ ಸಣ್ಣಗೆ ಕಾಣುವ ಮಕ್ಕಳ ಒಳಗೂ ಇದು ನಡೆಯುತ್ತಿದೆ ಎಂದು ಇದರ ಅರ್ಥ.

ಕುಳ್ಳಾಗಿ ಉಳಿಯುವವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಐದು ವರ್ಷದೊಳಗಿನ ಮಕ್ಕಳನ್ನು ಅಳೆದಾಗ ಪರಿಶಿಷ್ಟ ಪಂಗಡದಲ್ಲಿ ನೂರಕ್ಕೆ ಸುಮಾರು 41, ಪರಿಶಿಷ್ಟ ಜಾತಿಯಲ್ಲಿ 39 ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ಹಿಂದುಳಿದ ಜಾತಿಗಳನ್ನೂ ಬಿಟ್ಟು ಉಳಿದ 'ಇತರ'ರಲ್ಲಿ ಅದು ಸುಮಾರು 30. 'ನಮ್ಮ ಜನಾನೇ ಕುಳ್ಳು, ಅದು ರಕ್ತದಲ್ಲೇ ಬಂದದ್ದು' ಅಂತ ಹೇಳುವ ದೊಡ್ಡವರಿದ್ದಾರೆ. ಜಾತಿಯನ್ನು ರಕ್ತಕ್ಕೆ ಅಂಟಿಸುವ ಹಳೆಯ ಚಾಳಿ ಅದು. ಹೊಟ್ಟೆಗೆ ಸರಿಯಾಗಿ ಕೊಟ್ಟು, ಒಳ್ಳೆಯ ನೀರು ಕೊಟ್ಟು, ಭೇದಿ ಜ್ವರದಿಂದ ಕಾಪಾಡಿದರೆ ಐದು ವರ್ಷದವರೆಗೆ ಯಾವ ದೇಶದ, ಯಾವ ಬಣ್ಣದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಇದನ್ನು ಹೇಳಿದೆ. ರಕ್ತದ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು ಅನ್ನದ ಮಾತು.

ಮಗು ಗರ್ಭದಲ್ಲಿ ಮೂಡಿದ ದಿನದಿಂದ ಎರಡು ವರ್ಷ ತುಂಬುವ ತನಕ, ಹೆಚ್ಚುಕಡಿಮೆ ಸಾವಿರ ದಿನ. ಎತ್ತರದ ಅಡಿಪಾಯ ಬೀಳುವುದು ಆಗಲೇ. ಆ ದಿನಗಳಲ್ಲಿ ನಮ್ಮ ಹೆಂಗಸರು ಏನು ಮಾಡುತ್ತಿರುತ್ತಾರೆ? ಏಳು ತಿಂಗಳ ಬಸುರಿ ಕಳೆ ಕೀಳುತ್ತಿರುತ್ತಾಳೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಸಾರಿನ ತಿಳಿಗೆ ಮುದ್ದೆ ಅದ್ದಿಕೊಳ್ಳುತ್ತಾಳೆ. ಆಕೆಯೇ ಹದಿನೇಳಕ್ಕೆ ಮದುವೆಯಾದವಳು, ರಕ್ತ ಇಲ್ಲದವಳು, ಕುಳ್ಳಿ. ಅವಳ ಮಗು ಎರಡು ಎರಡೂಕಾಲು ಕೆಜಿಗೆ ಹುಟ್ಟುತ್ತದೆ. ಗರ್ಭದಲ್ಲಿ ಸಿಕ್ಕ ಅಷ್ಟಿಷ್ಟು ಅನ್ನವನ್ನು ಆ ಮಗು ಹೇಗೆ ಹಂಚಿಕೊಳ್ಳುತ್ತದೆ ಅನ್ನುವುದೇ ಈ ಕತೆಯ ಮುಖ್ಯ ಭಾಗ. ಮೊದಲು ಮಿದುಳಿಗೆ. ಮೂಳೆಗೂ ಮಾಂಸಖಂಡಕ್ಕೂ ಕೈ ಬಿಗಿಹಿಡಿಯುತ್ತದೆ. ಕೊಬ್ಬನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಬರಗಾಲದ ನೆನಪಿರುವ ಮನೆಯವರು ಬೇರೇನಿಲ್ಲದಿದ್ದರೂ ಬಿತ್ತನೆ ರಾಗಿಯನ್ನು ಮಡಕೆಯಲ್ಲಿ ಮುಚ್ಚಿಡುವ ಹಾಗೆ.

ಇದು ನಮ್ಮ ಊಹೆಯಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಜೊತೆಗಾರರು ಪುಣೆ ಸುತ್ತಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಊರಿನ ಕೂಸುಗಳ ಜೊತೆ ಹೋಲಿಸಿ 2003ರಲ್ಲಿ ಬರೆದರು. ಅಲ್ಲಿಯ ಕೂಸು ಸರಾಸರಿ 3.5 ಕೆಜಿ, ಇಲ್ಲಿಯದು 2.7. ಇಲ್ಲಿಯ ಕೂಸಿಗೆ ಮಾಂಸ ಬಹಳ ಕಡಿಮೆ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟೊಂದು ಕಡಿಮೆಯಿಲ್ಲ. ಬಡಕಲಾಗಿ ಹುಟ್ಟುವಾಗಲೇ ಒಳಗೆ ಕೊಬ್ಬು ಕಟ್ಟಿಕೊಂಡು ಬಂದ ಕೂಸು ಅದು. ಅತ್ತ ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ಕೊಳೆಗೇರಿಗಳಲ್ಲಿ, ಬೆಳವಣಿಗೆ ಕುಂಠಿತವಾದ ಮಕ್ಕಳ ಉಸಿರನ್ನು ಅಳೆದು ನೋಡಿದವರಿಗೆ 2000ದಲ್ಲಿ ಕಂಡದ್ದು ಇದರ ಮುಂದಿನ ಭಾಗ: ಈ ಮಕ್ಕಳ ಮೈ, ಸರಿಯಾಗಿ ಬೆಳೆದ ಮಕ್ಕಳ ಮೈಯಷ್ಟು ಕೊಬ್ಬನ್ನು ಉರಿಸುವುದಿಲ್ಲ. ಹಸಿವನ್ನು ಕಂಡ ಮೈ ಕೂಡಿಡಲು ಕಲಿತಿದೆ. ಇಂಥ ಮೈಗೆ ಮುಂದೆ ಬರೀ ಅನ್ನ, ಎಣ್ಣೆ, ಸಕ್ಕರೆ ಬಿದ್ದರೆ ಅದು ಎತ್ತರಕ್ಕೆ ಹೋಗುವುದಿಲ್ಲ. ಸೊಂಟಕ್ಕೆ ಹೋಗುತ್ತದೆ.

ದೂರದ ಮಾತು ಯಾಕೆ, ನಮ್ಮ ಮೈಸೂರಿನದೇ ಇದೆ. ಮೈಸೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು 1934ರಿಂದಲೇ ಪುಸ್ತಕದಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಜನರನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷೆ ಮಾಡಿ, 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕಕ್ಕೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕೆಜಿ ನೂರು ಗ್ರಾಂ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3. ಬಸುರಿಯಾಗಿದ್ದಾಗ ತಾಯಿಯ ತೂಕ ಕಡಿಮೆಯಿದ್ದರೂ ಮಗನ ಎದೆ ಮುಂದೆ ಅದರ ದಂಡ ಕಟ್ಟಿದೆ. ಅವ್ವ ಉಣ್ಣದ ಅನ್ನ ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ನೋವಾಗಿ ಎದ್ದಿದೆ.

ಇದನ್ನು ಓದಿದಾಗ ನಮಗೆ ನಮ್ಮವರ ಮುಖಗಳು ಕಂಡವು. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಹಂಚಿಕೊಂಡು ಉಂಡವರು, ಊರಿನ ಹೋಟೆಲಿಗೆ ನುಗ್ಗಿ ಎಲ್ಲರ ಜೊತೆ ಕೂತು ಟೀ ಕುಡಿದವರು, ಭೂಮಿಗಾಗಿ ತಾಲ್ಲೂಕು ಕಚೇರಿ ಮುಂದೆ ಮಲಗಿದವರು. ಒಂದು ನೌಕರಿ ಸಿಕ್ಕಿ, ಎರಡು ಹೊತ್ತು ಅನ್ನ ಕಂಡ ಮೇಲೆ ಎಲ್ಲರಿಗೂ ಹೊಟ್ಟೆ ಬಂತು. 'ಸರ್ಕಾರಿ ಅನ್ನ ಮೈಗೆ ಹತ್ತದೆ' ಅಂತ ಊರಿನವರು ನಕ್ಕರು. ನಲವತ್ತಕ್ಕೆ ಸಕ್ಕರೆ ಕಾಯಿಲೆ, ಐವತ್ತು ದಾಟುವುದರೊಳಗೆ ಕೆಲವರ ಶ್ರದ್ಧಾಂಜಲಿ ಸಭೆ. ಆ ಸಭೆಗಳಲ್ಲಿ ನಾವು 'ಕುಡಿತ ಬಿಟ್ಟಿದ್ದರೆ', 'ಟೆನ್ಷನ್ ಮಾಡ್ಕೋಬಾರ್ದಿತ್ತು' ಅಂತೆಲ್ಲ ಮಾತಾಡಿಕೊಂಡಿದ್ದೇವೆ. ಕುಡಿತದ, ಬೀಡಿಯ ಪಾಲೂ ಇದ್ದೀತು. ಆದರೆ ಅವರು ಹುಟ್ಟುವ ಮೊದಲೇ ಶುರುವಾದ ಹಸಿವಿಗೂ ಅದರಲ್ಲಿ ಪಾಲಿದೆ ಅನ್ನುವುದನ್ನು ಯಾವ ಸಭೆಯಲ್ಲೂ ಯಾರೂ ಹೇಳಲಿಲ್ಲ. ಸಾಲು ನಮ್ಮ ಮಕ್ಕಳ ತನಕ ಬಂದು ನಿಂತಿದೆ. ನಮಗೆ ನಲವತ್ತಕ್ಕೆ ಬಂದದ್ದು ಇವರಿಗೆ ಹತ್ತಕ್ಕೇ ಬಾಗಿಲು ತಟ್ಟುತ್ತಿದೆ.

ಹಿಂದಿನ ಕಾಲವೇ ಚಿನ್ನದ ಕಾಲ ಅಂತ ನಾವು ಹಾಡುವುದಿಲ್ಲ. ಆ ಹಾಡು ಹಾಡುವವರು ಬೇರೆ. ನಮ್ಮ ಹಿಂದಿನ ಕಾಲದಲ್ಲಿ ಇದ್ದದ್ದು ಹಸಿವು. ಆದರೆ ಸಿಕ್ಕಿದ ದಿನ ಸಿಕ್ಕಿದ್ದರಲ್ಲಿ ಕಸುವಿತ್ತು. ರಾಗಿ ಮುದ್ದೆ, ಹುರುಳಿ ಸಾರು, ಬೇಲಿ ಸೊಪ್ಪಿನ ಬಸ್ಸಾರು, ಗದ್ದೆಯ ಏಡಿ, ಕೆರೆ ಮೀನು, ಬಿಸಿಲಿಗೆ ಒಣಹಾಕಿದ ಬಾಡು. ಊರು ಹೇಸಿದ ಬಾಡೇ ನಮ್ಮ ಮೂಳೆಗೆ ಗಾರೆಯಾಗಿತ್ತು. ಈಗ ಗದ್ದೆಗೆ ಔಷಧಿ ಹೊಡೆದು ಏಡಿ ಸತ್ತವು. ಕೆರೆಯ ಮೀನು ಗುತ್ತಿಗೆಗೆ ಹೋಯಿತು. ದನದ ಬಾಡಿಗೆ 2021ರಲ್ಲಿ ಜಾರಿಗೆ ಬಂದ ಕಾಯ್ದೆ ಬೀಗ ಹಾಕಿತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರೆ ಬೇರೆ ಮುಟ್ಟುವಂತಿಲ್ಲ. ಬಡವರ ಪಾಲಿನ ಅಗ್ಗದ ಮಾಂಸ ಕಾನೂನಿನ ಕೈಯಿಂದ ಹೋಯಿತು.

ಬಂದದ್ದು ಸೊಸೈಟಿ ಅಕ್ಕಿ. ಅದಕ್ಕಾಗಿ ನಾವು ಹೋರಾಡಿದ್ದೇವೆ, ಅದರ ಒಂದು ಕಾಳನ್ನೂ ಬಿಟ್ಟುಕೊಡುವುದಿಲ್ಲ. ಆ ಅಕ್ಕಿ ಇಲ್ಲದಿದ್ದರೆ ಕೇರಿಯಲ್ಲಿ ಒಲೆ ಹತ್ತದ ಮನೆಗಳು ಇವತ್ತಿಗೂ ಇರುತ್ತಿದ್ದವು. ಆದರೆ ಅಕ್ಕಿಯಷ್ಟೇ ಊಟವಲ್ಲ. ಬೇಳೆ ಕೊಳ್ಳಲು ಕೂಲಿ ಸಾಲದು. ಅನ್ನಕ್ಕೆ ನೀರುಸಾರು, ಅದಕ್ಕೊಂದು ಉಪ್ಪಿನಕಾಯಿ. ಹೊಟ್ಟೆ ತುಂಬುತ್ತದೆ, ಮೂಳೆಗೆ ಏನೂ ಹೋಗುವುದಿಲ್ಲ.

ಇದರ ಮೇಲೆ ಐದು ರೂಪಾಯಿಯ ಪ್ಯಾಕೆಟು. ಕೇರಿಯ ಪೆಟ್ಟಿಗೆ ಅಂಗಡಿಗಳ ಮುಂದೆ ತೋರಣದ ಹಾಗೆ ನೇತಾಡುತ್ತಿರುವುದು ಅದೇ. ಹಿಟ್ಟು, ತಾಳೆ ಎಣ್ಣೆ, ಉಪ್ಪು, ಬಣ್ಣ, ಒಂದಿಷ್ಟು ಗಾಳಿ. ಕುಡಿಯುವ ನೀರಿನ ನಲ್ಲಿ ಬಾರದ ಬೀದಿಗೂ ಈ ಪ್ಯಾಕೆಟಿನ ಗಾಡಿ ತಪ್ಪದೆ ಬರುತ್ತದೆ. ನಮ್ಮ ವಿದ್ಯಾವಂತರು ತಾಯಂದಿರನ್ನು ಬೈಯುತ್ತಾರೆ. ಒಬ್ಬ ತಾಯಿಯನ್ನು ನಾವು ಕೇಳಿದೆವು, 'ಯಾಕವ್ವ ಬೆಳಿಗ್ಗೆ ಬೆಳಿಗ್ಗೆ ಇದನ್ನ ಕೊಡಿಸ್ತೀಯ?' ಆಕೆ ಹೇಳಿದ್ದು: 'ಆರೂವರೆಗೆ ಗಾರ್ಮೆಂಟ್ಸ್ ವ್ಯಾನು ಬತ್ತದೆ ಸಾ. ಕೈಗೆ ಐದ್ರುಪಾಯಿ ಮಡಗಿದ್ರೆ ಅಳ್ದೆ ಇಸ್ಕೂಲ್ಗೆ ಓಯ್ತನೆ. ಮೊಟ್ಟೆಗೆ ಏಳ್ರುಪಾಯಿ. ಅದ ಬೇಸಕ್ಕೆ ಒತ್ತೆಲ್ಲದೆ?'

ಇಡೀ ಅರ್ಥಶಾಸ್ತ್ರ ಆ ಮಾತಿನಲ್ಲಿದೆ. ಕೊಬ್ಬು ಐದು ರೂಪಾಯಿಗೆ, ಯಾವಾಗಲೂ, ಬೇಯಿಸದೆ ಸಿಗುತ್ತದೆ. ಕಸುವಿಗೆ ಏಳು ರೂಪಾಯಿ, ಒಲೆ, ಬಿಡುವು ಮೂರೂ ಬೇಕು. ಬಂಡವಾಳಶಾಹಿಗೆ ಆ ತಾಯಿಯ ಬೆಳಗೂ ಬೇಕು, ಅವಳ ಮಗನ ಐದು ರೂಪಾಯಿಯೂ ಬೇಕು.

ಮೊಟ್ಟೆಯ ಮಾತು ಬಂತು. ಈ ರಾಜ್ಯದಲ್ಲಿ ಒಂದು ಮೊಟ್ಟೆ ಶಾಲೆಯ ತಟ್ಟೆಗೆ ಬರಲು ಎಷ್ಟು ಕಾಲ ಹಿಡಿಯಿತು ನೋಡಿ. ಬೇಯಿಸಿದ ಬಿಸಿಯೂಟ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರ ನವೆಂಬರಿನಲ್ಲಿ. ಕರ್ನಾಟಕದಲ್ಲಿ ಊಟ ಶುರುವಾದದ್ದು 2002ರಲ್ಲಿ. ಹಿಂದುಳಿದ ಕೆಲವು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಸಿಕ್ಕಿದ್ದು 2021ರ ಡಿಸೆಂಬರಿನಲ್ಲಿ. ಸಿಕ್ಕ ಕೂಡಲೇ ಮಠಗಳಿಂದ ಕೂಗು ಎದ್ದಿತು, ಶಾಲೆ ಅಪವಿತ್ರವಾಗುತ್ತದೆ, ಮಕ್ಕಳಲ್ಲಿ ಭೇದಭಾವ ಹುಟ್ಟುತ್ತದೆ ಅಂತ. ದಲಿತ ಹೆಂಗಸು ಅಡುಗೆ ಮಾಡಿದಳೆಂದು ಮಕ್ಕಳನ್ನು ಊಟಕ್ಕೆ ಬಿಡದ ಊರುಗಳಲ್ಲಿ ಹುಟ್ಟದ ಭೇದಭಾವ ಮೊಟ್ಟೆಯಿಂದ ಹುಟ್ಟುತ್ತದಂತೆ! ಆಗ ಗಂಗಾವತಿಯಲ್ಲಿ ವಿದ್ಯಾರ್ಥಿಗಳೇ ಬೀದಿಗೆ ಬಂದು ನಮಗೆ ಮೊಟ್ಟೆ ಬೇಕು ಅಂದರು. ಮಠಾಧೀಶರಿಗೆ ಸರಿಯಾದ ಉತ್ತರ ಕೊಟ್ಟದ್ದು ಸಾಹಿತಿಗಳಲ್ಲ, ಆ ಮಕ್ಕಳು. 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಅಂತಾಯಿತು, ಅದೂ ಖಾಸಗಿ ಪ್ರತಿಷ್ಠಾನವೊಂದರ ಮೂರು ವರ್ಷದ ನೆರವಿನಿಂದ. ಕೊಟ್ಟವರಿಗೆ ನಮಸ್ಕಾರ. ಆದರೆ ಮಕ್ಕಳ ಮೂಳೆಯನ್ನು ದಾನದ ಮೇಲೆ ನಿಲ್ಲಿಸಬಾರದು. ಅದು ಬಜೆಟ್ಟಿನಲ್ಲಿ ಬರಬೇಕು, ಹಕ್ಕಾಗಿ ಬರಬೇಕು.

ಈಗ ನಾವು ಹೆದರುವ ಮಾತಿಗೆ ಬರುತ್ತೇವೆ. 2025ರಲ್ಲಿ ಯುನಿಸೆಫ್ ಒಂದು ವರದಿ ಕೊಟ್ಟಿತು. ಜಗತ್ತಿನ 5ರಿಂದ 19 ವರ್ಷದ ಮಕ್ಕಳಲ್ಲಿ ತೂಕ ಕಡಿಮೆಯಿರುವವರಿಗಿಂತ ಬೊಜ್ಜಿನವರ ಪಾಲು ಮೊದಲ ಬಾರಿ ಹೆಚ್ಚಾಗಿದೆ ಅಂತ. ಇಂಥ ಸುದ್ದಿಯನ್ನು ಹಿಡಿದುಕೊಂಡು ನಾಳೆ ಉಳ್ಳವರು ಏನು ಹೇಳುತ್ತಾರೆ ಗೊತ್ತು. 'ನೋಡಿ, ಬಡವರ ಮಕ್ಕಳೂ ಕೊಬ್ಬಿದ್ದಾರೆ, ಇನ್ನು ಅಕ್ಕಿ ಯಾಕೆ, ಬಿಸಿಯೂಟ ಯಾಕೆ?' ಪುಕ್ಕಟೆ ಅನ್ನ ತಿಂದು ಜನ ಸೋಮಾರಿಗಳಾದರು ಅನ್ನುವ ಮಾತು ಈಗಾಗಲೇ ಪಟ್ಟಣದ ಡ್ರಾಯಿಂಗ್ ರೂಮುಗಳಲ್ಲಿದೆ. ಅದಕ್ಕೆ ಸಾಕ್ಷಿಯಾಗಿ ನಮ್ಮ ಮಗುವಿನ ಹೊಟ್ಟೆಯನ್ನೇ ತೋರಿಸುತ್ತಾರೆ. ಆಗ ನಾವು ಆ ಮಗುವಿನ ಎತ್ತರವನ್ನು ತೋರಿಸಬೇಕು. ಈ ಬೊಜ್ಜು ಹೆಚ್ಚು ಉಂಡದ್ದರ ಗುರುತಲ್ಲ. ಮೊದಲು ಉಣ್ಣದೆ, ಆಮೇಲೆ ಕೆಟ್ಟದ್ದನ್ನು ಉಂಡದ್ದರ ಗುರುತು. ಹಸಿವು ವೇಷ ಬದಲಿಸಿದೆ, ಕೇರಿಯನ್ನು ಬಿಟ್ಟು ಹೋಗಿಲ್ಲ.

ಇನ್ನೊಂದು ಅಪಾಯ ಮನೆಯೊಳಗೇ ಇದೆ. ಡುಮ್ಮ ಅಂತ ಮಕ್ಕಳು ಆಡಿಕೊಂಡರೆ, ಡಾಕ್ಟರು ತೂಕ ಇಳಿಸಿ ಅಂದರೆ, ತಾಯಿ ಮೊದಲು ಕಡಿಮೆ ಮಾಡುವುದು ಮನೆಯ ಊಟವನ್ನೇ. ಪ್ಯಾಕೆಟು ನಿಲ್ಲುವುದಿಲ್ಲ. ಹೆಣ್ಣುಮಗುವಾದರಂತೂ 'ಮದ್ವೆ ಆಗ್ಬೇಕಾದ್ ಮಗ' ಅಂತ ಮುದ್ದೆಯನ್ನೇ ಅರ್ಧ ಮಾಡುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಮತ್ತೆ ಹಸಿದ ಆ ಹುಡುಗಿಯೇ ನಾಳೆ ಕುಳ್ಳಿ ತಾಯಿ, ರಕ್ತವಿಲ್ಲದ ತಾಯಿ. ಅವಳ ಕೂಸು ಮತ್ತೆ ಎರಡು ಕೆಜಿ. ಕುಂಠಿತವಾದ ಮಗುವಿಗೆ ಉಪವಾಸ ಮದ್ದಲ್ಲ. ಎಣ್ಣೆ, ಸಕ್ಕರೆಯ ಪ್ಯಾಕೆಟು ಕಡಿಮೆಯಾಗಿ, ಮೊಟ್ಟೆ, ಬೇಳೆ, ಕಾಳು, ಸೊಪ್ಪು, ಹಾಲು, ಬಾಡು ಹೆಚ್ಚಾಗಬೇಕು. ಆಡಲು ಒಂದು ಬಯಲು ಬೇಕು. ನಮ್ಮಲ್ಲಿ ಎಷ್ಟೋ ಶಾಲೆಗೆ ಬಯಲಿಲ್ಲ. ಇದ್ದಲ್ಲಿ ಊರ ಜಾತ್ರೆ, ರಾಗಿ ಒಕ್ಕಣೆ. ಕಬಡ್ಡಿ ಆಡುವಾಗ ಈ ಮಗುವನ್ನು ಎರಡು ಕಡೆಯವರೂ ಕರೆಯುವುದಿಲ್ಲ. ಸ್ಕೋರು ಬರೆಯಲು ಕೂರಿಸುತ್ತಾರೆ.

ಹಳ್ಳಿ ಮೇಷ್ಟ್ರುಗಳಿಗೆ, ಸಂಘಟನೆಯ ಗೆಳೆಯರಿಗೆ ಕೆಲವು ಕೆಲಸಗಳಿವೆ. ತೂಕದ ಜೊತೆ ಎತ್ತರವನ್ನು ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಸರಿಯಾಗಿ ಅಳೆಯಿರಿ. ವಯಸ್ಸನ್ನು ತಿಂಗಳ ಸಮೇತ ಬರೆಯಿರಿ. ಎರಡೂ ಗೆರೆಗಳಿಗೆ ಹೋಲಿಸಿ. ಗೆರೆ ತಪ್ಪಿದ ಮಕ್ಕಳ ಪಟ್ಟಿ ಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ತೆಗೆದುಕೊಳ್ಳಿ. ಆ ಪಟ್ಟಿಯಲ್ಲಿ ಯಾವ ಕೇರಿ, ಯಾವ ಹಾಡಿಯ ಮಕ್ಕಳು ಎಷ್ಟು ಅಂತ ಗ್ರಾಮಸಭೆಯಲ್ಲಿ ಓದಿ, ಹೆಸರು ಮಾತ್ರ ಹೇಳಬೇಡಿ. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯದ ಜೊತೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಸಿಗಬೇಕೆಂಬ ನಿಯಮವಿದೆ. ಸಾರಿನ ಪಾತ್ರೆಯಲ್ಲಿ ಸೌಟು ಆಡಿಸಿ ಬೇಳೆ ಇದೆಯೇ ನೋಡಿ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಗೇಟಿನ ಮುಂದೆ ಪೆಟ್ಟಿಗೆ ಇಟ್ಟಿರುವ ಮುದುಕಿಯ ಹೊಟ್ಟೆಗೆ ಹೊಡೆಯುವುದು ಬೇಡ. ಕಡ್ಲೆಕಾಯಿ, ಸೀಬೆಹಣ್ಣು, ಬೇಯಿಸಿದ ಕಾಳು ಮಾರಲು ಆಕೆಗೆ ಪಂಚಾಯ್ತಿಯಿಂದ ನೆರವು ಕೇಳಿ. ಸೊಸೈಟಿಯಲ್ಲಿ ಅಕ್ಕಿಯ ಜೊತೆ ಬೇಳೆ, ರಾಗಿ ತಪ್ಪದೆ ಬರಲಿ ಅಂತ ಕೇಳಿ. ಗಾರ್ಮೆಂಟ್ಸಿನ ಹೆಂಗಸರ ಕೂಲಿಯ ಹೋರಾಟಕ್ಕೂ ಹೋಗಿ. ಅವರ ಕೂಲಿ ಎರಡು ರೂಪಾಯಿ ಏರಿದರೆ ಒಂದು ಮಗುವಿಗೆ ಪ್ಯಾಕೆಟಿನ ಬದಲು ಮೊಟ್ಟೆ ಸಿಗುತ್ತದೆ.

ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದು ದಾಹಕ್ಕಲ್ಲ, ಹಕ್ಕಿಗೆ. ನಮ್ಮ ಮಕ್ಕಳ ತಟ್ಟೆಯ ಪ್ರಶ್ನೆಯೂ ಅದೇ ಸಾಲಿನದು. ಹೊಟ್ಟೆ ತುಂಬಿಸಿದ್ದೇವೆ, ಇನ್ನೇನು ಬೇಕು ಅಂತ ಕೇಳುವವರಿಗೆ ಹೇಳೋಣ: ನಿಮ್ಮ ಮಕ್ಕಳಷ್ಟೇ ಎತ್ತರ ಬೇಕು.